ಮುಖ ನೋಡಿ ಮಣೆ ಹಾಕಬೇಡಿ: ಗೆಳೆಯರ ನಡುವೆ ಪೋಕರ್ ಟೂರ್ನಮೆಂಟ್ ನಡೆಸುವ ಬಗೆ

"ಅವತ್ತು ನೀನು ಎಲೆ ನೋಡಿ ಫೋಲ್ಡ್ ಮಾಡಿದ್ಯಾ, ಮುಖ ನೋಡಿ ಮಾಡಿದ್ಯಾ?"

ವಿಜಯನಗರದ ಗೆಳೆಯ ಫೋನಿನಲ್ಲಿ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋಲ್ಡ್ ಅಂದರೆ ಎಲೆ ಕವುಚಿ ಬಿಟ್ಟುಕೊಡುವುದು. ಆಟ ಮುಗಿದು ನಾಲ್ಕು ದಿನ ಆಗಿತ್ತು. ನಾಲ್ಕು ದಿನವೂ ಅವನು ಇದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ತಿಂಗಳಿಗೊಂದು ಶನಿವಾರ ಬನಶಂಕರಿಯ ನಮ್ಮ ಮನೆಯಲ್ಲಿ ಒಂಬತ್ತು ಜನ ಸೇರಿ ಪೋಕರ್ ಆಡುತ್ತೇವೆ. ಟೆಕ್ಸಸ್ ಹೋಲ್ಡೆಮ್ ಆಟ: ಕೈಗೆ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ದುಡ್ಡಿಲ್ಲ, ಪಾಯಿಂಟ್ಸ್ ಇದೆ. ಗೆದ್ದವರಿಗೆ 10, ಎರಡನೆಯವರಿಗೆ 7, ಮೂರನೆಯವರಿಗೆ 5, ನಾಲ್ಕನೆಯವರಿಗೆ 3. ಉಳಿದವರಿಗೆ ಬಂದಿದ್ದಕ್ಕೆ 1. ವರ್ಷದ ಕೊನೆಗೆ ಜಾಸ್ತಿ ಪಾಯಿಂಟ್ಸ್ ಇದ್ದವರ ಮನೆಗೆ ಒಂದು ಹಿತ್ತಾಳೆ ಕಪ್ ಹೋಗುತ್ತದೆ.

ಆ ರಾತ್ರಿ ನಾಲ್ಕೇ ಜನ ಉಳಿದಿದ್ದೆವು. ಬ್ಲೈಂಡ್ 400/800, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್: ಸ್ಮಾಲ್ ಬ್ಲೈಂಡ್ 400, ಬಿಗ್ ಬ್ಲೈಂಡ್ 800. ನಾನು ಸ್ಮಾಲ್ ಬ್ಲೈಂಡ್, ನನ್ನ ಮುಂದೆ 18,000 ಚಿಪ್ಸ್. ನನ್ನ ಎಡಕ್ಕೆ ಭಾವ, ಬಿಗ್ ಬ್ಲೈಂಡ್. ಅವರ ಹತ್ತಿರ ಇದ್ದದ್ದು ಒಟ್ಟು 1,900. ಅದರಲ್ಲಿ 800 ಆಗಲೇ ಮಧ್ಯಕ್ಕೆ ಹೋಗಿತ್ತು. ಅವರ ಎಡಕ್ಕೆ ವಿಜಯನಗರದ ಗೆಳೆಯ, 2,300. ಮಿಕ್ಕಿದ್ದೆಲ್ಲ ನಾಲ್ಕನೆಯವರ ಹತ್ತಿರ. ಗೆಳೆಯ, ಆ ನಾಲ್ಕನೆಯವರು ಇಬ್ಬರೂ ಫೋಲ್ಡ್ ಮಾಡಿದರು, ಸರದಿ ನನಗೆ ಬಂತು. ಎಲೆಯ ತುದಿ ಎತ್ತಿ ನೋಡಿದೆ. ರಾಜ, ಹತ್ತು. ಎದುರಿನವರ ಕೈಯಲ್ಲಿ ಏನೇ ಬಂದಿರಲಿ, ಲೆಕ್ಕದ ಪ್ರಕಾರ ಈ ಜೋಡಿ ಹತ್ತರಲ್ಲಿ ಸುಮಾರು ಆರು ಸಲ ಗೆಲ್ಲುತ್ತದೆ. ಬೇರೆ ಯಾರೇ ಆಗಿದ್ದರೂ ಚಿಪ್ಸ್ ಮುಂದಕ್ಕೆ ತಳ್ಳುತ್ತಿದ್ದೆ. ಆದರೆ ಭಾವನ ಮುಖ ನೋಡಿದೆ. ಅವರ ಹಿಂದೆ ಅಕ್ಕ ಕಾಫಿ ಲೋಟ ಹಿಡಿದು ನಿಂತಿದ್ದಳು. ಎಲೆ ಕವುಚಿ ಬಿಟ್ಟುಕೊಟ್ಟೆ.

ನನ್ನ 400 ಭಾವನಿಗೆ ಹೋಯಿತು. ಮುಂದಿನ ಕೈಯಲ್ಲಿ, ಅಂದರೆ ಮುಂದಿನ ಸಲ ಎಲೆ ಹಂಚಿದಾಗ, ಬ್ಲೈಂಡ್ ಎಡಕ್ಕೆ ಸರಿದು ಬಿಗ್ ಬ್ಲೈಂಡ್ ಗೆಳೆಯನದಾಯಿತು. ಅವನ 2,300ರಲ್ಲಿ 800 ಹೋಯಿತು. ಉಳಿದ 1,500ನ್ನು ಎಕ್ಕ-ಆರರ ಮೇಲೆ ಹಾಕಿದ. ಎದುರಿಗೆ ಎಂಟರ ಜೋಡಿ ಇತ್ತು, ಸೋತ. ಭಾವ ಮೂರನೆಯವರು, ಅವನು ನಾಲ್ಕನೆಯವನು. ಡಿಸೆಂಬರ್‌ನಲ್ಲಿ ಲೆಕ್ಕ ಹಾಕಿದಾಗ ಅವನಿಗೆ ಕಪ್ ತಪ್ಪಿದ್ದು ಒಂದೇ ಒಂದು ಪಾಯಿಂಟ್‌ನಲ್ಲಿ.

ಇದಕ್ಕೆ ಪೋಕರ್ ಆಡುವವರು ಸಾಫ್ಟ್ ಪ್ಲೇ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ದಾಕ್ಷಿಣ್ಯದ ಆಟ. ಆ ಫೋನ್ ಬಂದ ಮೇಲೆ ನಮ್ಮ ಮನೆಯ ಆಟದ ಕ್ರಮವನ್ನು ಒಂದೊಂದಾಗಿ ಬದಲಾಯಿಸಿದೆವು. ಗೆಳೆಯರ ಜೊತೆ ಟೂರ್ನಮೆಂಟ್ ಶುರು ಮಾಡಬೇಕು ಅಂತಿರುವವರಿಗೆ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಎಲ್ಲಿದೆ ಅಂತ ಮೊದಲು ತಿಳಿಯಿರಿ

ನನ್ನ ಚಿಪ್ಸ್ ನಾನು ಬಿಟ್ಟುಕೊಟ್ಟರೆ ಬೇರೆಯವರಿಗೇನು ಕಷ್ಟ? ಈ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ಟೂರ್ನಮೆಂಟ್‌ನಲ್ಲಿ ಒಬ್ಬರು ಔಟ್ ಆದ ಕೂಡಲೇ ಉಳಿದ ಎಲ್ಲರೂ ಒಂದು ಮೆಟ್ಟಿಲು ಮೇಲೆ ಹೋಗುತ್ತಾರೆ. ಔಟ್ ಆಗಬೇಕಾದವರನ್ನು ನೀವು ಉಳಿಸಿದರೆ ಆ ಮೆಟ್ಟಿಲು ಇನ್ನೊಬ್ಬರಿಗೆ ತಪ್ಪುತ್ತದೆ. ಆ ಇನ್ನೊಬ್ಬರೂ ನಿಮ್ಮ ಗೆಳೆಯರೇ. ನಿಮ್ಮ ಮನೆಗೇ ಬಂದು ಅದೇ ಮೇಜಿನ ಮುಂದೆ ಕೂತಿದ್ದಾರೆ. ನಾನು ಭಾವನಿಗೆ 400 ಚಿಪ್ಸ್ ಕೊಟ್ಟೆ ಅಂದುಕೊಂಡಿದ್ದೆ. ನಿಜವಾಗಿ ಕೊಟ್ಟಿದ್ದು ಗೆಳೆಯನ ಮೂರನೇ ಸ್ಥಾನವನ್ನು.

ದೊಡ್ಡ ಟೂರ್ನಮೆಂಟ್‌ಗಳಲ್ಲಿ ಇದು ಸಣ್ಣ ತಪ್ಪಲ್ಲ. 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್‌ನ ನಿಯಮಗಳನ್ನು ಜಗತ್ತಿನ ಎಷ್ಟೋ ಕಡೆ ಪಾಲಿಸುತ್ತಾರೆ. ಪೋಕರ್ ಒಬ್ಬೊಬ್ಬರೇ ಆಡುವ ಆಟ, ಸಾಫ್ಟ್ ಪ್ಲೇಗೆ ದಂಡ ಉಂಟು ಅಂತ ಅದರಲ್ಲಿ ಇದೆ. ಚಿಪ್ಸ್ ಕಿತ್ತುಕೊಳ್ಳಬಹುದು, ಆಟದಿಂದಲೇ ತೆಗೆದುಹಾಕಬಹುದು. ಬೇಕಂತಲೇ ಸೋತು ಇನ್ನೊಬ್ಬರಿಗೆ ಚಿಪ್ಸ್ ದಾಟಿಸಿದರಂತೂ ನೇರವಾಗಿ ಹೊರಗೆ.

ಹೆಜ್ಜೆ 1: ಕರೆಯುವಾಗಲೇ ನಿಯಮ ಕಳಿಸಿ

ಗ್ರೂಪಿಗೆ ಸಮಯ, ವಿಳಾಸ ಹಾಕುವಾಗಲೇ ನಿಯಮವನ್ನೂ ಹಾಕಿ. ನಾಲ್ಕೈದು ಸಾಲು ಸಾಕು. ಎಲೆ ಹಂಚಿದ ಮೇಲೆ ಹೇಳಿದ ನಿಯಮ ಯಾರೋ ಒಬ್ಬರ ಮೇಲೆ ಬೊಟ್ಟು ಮಾಡಿದ ಹಾಗೆ ಕೇಳಿಸುತ್ತದೆ.

ದುಡ್ಡು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಸಾಮಾನು ಇಟ್ಟುಕೊಂಡು ಲಾಭ ಮಾಡುವ ಮನೆಯನ್ನು ಜೂಜಿನ ಮನೆ ಅಂತಲೇ ನೋಡುತ್ತದೆ. ಕಾನೂನಿನ ಮಾತು ಪಕ್ಕಕ್ಕಿಟ್ಟರೂ, ದುಡ್ಡು ಬಂದ ಕಡೆ ದಾಕ್ಷಿಣ್ಯ ಇನ್ನೂ ಜಾಸ್ತಿ ಆಗುತ್ತದೆ. ಮನೆ ಬಾಡಿಗೆ ಕಟ್ಟಲು ಒದ್ದಾಡುತ್ತಿರುವ ಗೆಳೆಯ ಅಂತ ಗೊತ್ತಿದ್ದರೆ ಅವನ ಚಿಪ್ಸ್ ಗೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಕಪ್, ಪಾಯಿಂಟ್ಸ್, ಗೋಡೆ ಮೇಲೊಂದು ಪಟ್ಟಿ, ಇಷ್ಟಿದ್ದರೆ ಜನ ಜೀವ ಬಿಟ್ಟು ಆಡುತ್ತಾರೆ. ನಮ್ಮಲ್ಲಿ ಆಡಿದ್ದನ್ನು ನೋಡಿದ್ದೇನೆ.

2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂತು. ಆಮೇಲೆ ಆ್ಯಪ್‌ನಲ್ಲಿ ಆಡುತ್ತಿದ್ದ ಇಬ್ಬರು ನಮ್ಮ ಮೇಜಿಗೆ ಬಂದರು. ಚೆನ್ನಾಗಿ ಆಡುವವರೇ. ಆದರೆ ಆ್ಯಪ್‌ನಲ್ಲಿ ಎದುರಿಗಿರುವುದು ಬರೀ ಒಂದು ಹೆಸರು. ಇಲ್ಲಿ ಎದುರಿಗಿರುವವರು ಮದುವೆಗೆ ಬಂದು ಬಡಿಸಿದವರು. ಹಾಗಾಗಿ ದಾಕ್ಷಿಣ್ಯದ ವಿಷಯದಲ್ಲಿ ಅನುಭವ ಇದ್ದವರೂ ಮನೆ ಆಟಕ್ಕೆ ಹೊಸಬರೇ ಅಂತ ತಿಳಿದುಕೊಂಡು ಅವರಿಗೂ ನಿಯಮ ಓದಿಸಿ.

ಹೆಜ್ಜೆ 2: ಚಿಪ್ಸ್, ಬ್ಲೈಂಡ್, ಗಡಿಯಾರ

ಇದು ಸುಲಭ. ತಲೆಗೆ 5,000: ಇಪ್ಪತ್ತೈದರದು 8, ನೂರರದು 8, ಐನೂರರದು 4, ಸಾವಿರದ್ದು 2. ಬ್ಲೈಂಡ್ 25/50ರಿಂದ ಶುರು. 20 ನಿಮಿಷಕ್ಕೊಮ್ಮೆ ಏರಿಸಿ: 50/100, 75/150, 100/200, 150/300, 200/400, 300/600, 400/800, ಹೀಗೆ. 200/400ಕ್ಕೆ ಬಂದಾಗ ಇಪ್ಪತ್ತೈದರ ಚಿಪ್ಸ್ ವಾಪಸ್ ತೆಗೆದುಕೊಂಡು ನೂರರದು ಕೊಡಿ. ಒಂಬತ್ತು ಜನ ಸಂಜೆ ಆರೂವರೆಗೆ ಕೂತರೆ ಹತ್ತರ ಹೊತ್ತಿಗೆ ಮುಗಿಯುತ್ತದೆ. ಕೊನೆಯ ಮೆಟ್ರೋ ತಪ್ಪುವುದಿಲ್ಲ, ಕೆಳಗಿನ ಮನೆಯವರೂ ಬೈಯುವುದಿಲ್ಲ. ಗಡಿಯಾರ ಎಲ್ಲರಿಗೂ ಕಾಣುವ ಹಾಗೆ ಇಡಿ.

ತಡವಾಗಿ ಬರುವವರ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿರಿ. ಸಿಲ್ಕ್ ಬೋರ್ಡ್ ಕಡೆಯಿಂದ ಬರುವವರು ಒಬ್ಬರಾದರೂ ಇರುತ್ತಾರೆ, ಅಲ್ವಾ? ಅವರ ಚಿಪ್ಸ್ ಜಾಗದಲ್ಲಿ ಇಡಿ, ಅವರಿಗೂ ಎಲೆ ಹಂಚಿ, ಸರದಿ ಬಂದಾಗ ಬ್ಲೈಂಡ್ ತೆಗೆಯಿರಿ. ಪಾಪ, ಟ್ರಾಫಿಕ್‌ನಲ್ಲಿ ಇದ್ದಾನೆ ಅಂತ ಖಾಲಿ ಕುರ್ಚಿಯ ಬ್ಲೈಂಡ್ ಮುಟ್ಟದೆ ಬಿಡುವುದೂ ದಾಕ್ಷಿಣ್ಯವೇ. ಆ ದಾಕ್ಷಿಣ್ಯದ ಬೆಲೆಯನ್ನು ಸಮಯಕ್ಕೆ ಸರಿಯಾಗಿ ಬಂದವರು ಕಟ್ಟುತ್ತಾರೆ.

ಹೆಜ್ಜೆ 3: ಜಾಗಕ್ಕೆ ಎಲೆ ಎತ್ತಿಸಿ

ಒಂದೇ ಬಣ್ಣದ ಎಕ್ಕದಿಂದ ಒಂಬತ್ತರವರೆಗಿನ ಎಲೆ ತೆಗೆದು, ಚೆನ್ನಾಗಿ ಕಲಸಿ, ಬಾಗಿಲಲ್ಲೇ ಒಬ್ಬೊಬ್ಬರಿಗೆ ಒಂದು ಎತ್ತಿಸಿ. ಎತ್ತಿದ ನಂಬರ್ ಅವರ ಕುರ್ಚಿ. ಗಂಡ ಹೆಂಡತಿ ಅಕ್ಕಪಕ್ಕ ಬಂದರೂ ಸರಿ, ದೂರ ಆದರೂ ಸರಿ. ನಾವೇ ಆರಿಸಿ ಕೂರಿಸಿದರೆ ಅನುಮಾನಕ್ಕೆ ಜಾಗ ಆಗುತ್ತದೆ. ಅದೃಷ್ಟ ಕೂರಿಸಿದರೆ ಯಾರೂ ಕೇಳುವುದಿಲ್ಲ.

ಹೆಜ್ಜೆ 4: ಮೊದಲ ಕೈಗೆ ಮುಂಚೆ ಬಾಯಿ ಬಿಟ್ಟು ಹೇಳಿ

ಗ್ರೂಪಿನಲ್ಲಿ ಕಳಿಸಿದ್ದನ್ನು ಎಲ್ಲರೂ ಓದಿರುವುದಿಲ್ಲ. ಎಲ್ಲರೂ ಕೂತ ಮೇಲೆ ನಾನು ಹೇಳುವ ಮಾತು ಇಷ್ಟೇ: "ಎಲೆ ಮುಟ್ಟಿದ ಮೇಲೆ ಇಲ್ಲಿ ಗಂಡ ಇಲ್ಲ, ಹೆಂಡತಿ ಇಲ್ಲ, ಟೀಮ್ ಲೀಡ್ ಇಲ್ಲ, ಭಾವ ಇಲ್ಲ. ಯಾರು ಯಾರನ್ನು ಔಟ್ ಮಾಡಿದರೂ ಊಟ ಒಟ್ಟಿಗೇ." ಎಲ್ಲರೂ ನಗುತ್ತಾರೆ. ಆದರೆ ಕೇಳಿಸಿಕೊಂಡಿರುತ್ತಾರೆ.

ಇದನ್ನು ಆಟ ನಡೆಸುವ ಮನೆಯವರೇ ಹೇಳಬೇಕು. ನಮ್ಮಲ್ಲಿ ಮನೆಗೆ ಬಂದವರಿಗೆ ಇನ್ನೊಂದು ದೋಸೆ ಬಲವಂತ ಮಾಡಿ ಹಾಕುವುದು ರೂಢಿ. ಬಂದವರನ್ನು ಔಟ್ ಮಾಡಿ ಮೂಲೆಗೆ ಕೂರಿಸುವುದು ಹೇಗೆ ಅಂತ ಕೈ ಹಿಂದೆ ಬರುತ್ತದೆ. ಬಂದವರಿಗೂ ಹಾಗೇ, ಅನ್ನ ಹಾಕಿದ ಮನೆಯವರನ್ನು ಸೋಲಿಸುವುದು ಹೇಗೆ ಅಂತ. ಮನೆಯವರ ಬಾಯಿಂದಲೇ ಅನುಮತಿ ಸಿಕ್ಕರೆ ಎರಡೂ ಕಡೆಯ ಭಾರ ಇಳಿಯುತ್ತದೆ. ನಾನು ಇನ್ನೂ ಒಂದು ಮಾಡುತ್ತೇನೆ. ಮೊದಲ ಅರ್ಧ ಗಂಟೆಯಲ್ಲಿ ಒಳ್ಳೆ ಎಲೆ ಬಂದಾಗ ನನ್ನ ಅತಿ ಹತ್ತಿರದ ಗೆಳೆಯನ ಮೇಲೇ ಧಾರಾಳವಾಗಿ ರೈಸ್ ಮಾಡುತ್ತೇನೆ, ಅಂದರೆ ಪಂತ ಏರಿಸುತ್ತೇನೆ. ಅದನ್ನು ನೋಡಿದ ಮೇಲೆ ಉಳಿದವರ ಕೈಯೂ ಬಿಚ್ಚುತ್ತದೆ.

ಹೆಜ್ಜೆ 5: ಕೈ ನಡೆಯುವಾಗ

ಸರದಿ ಬರುವ ಮೊದಲು ಫೋಲ್ಡ್ ಮಾಡಬೇಡಿ, ಹೇಳಬೇಡಿ. ಸರದಿಯಲ್ಲಿ ಬಾಯಿಂದ ಬಂದ "ರೈಸ್", "ಕಾಲ್" (ಎದುರಿನವರಷ್ಟೇ ಚಿಪ್ಸ್ ಹಾಕುವುದು) ಅನ್ನುವ ಮಾತೇ ಕೊನೆ. ಚಿಪ್ಸ್ ಒಂದೇ ಸಲ ಮುಂದಿಡಿ. ಸ್ವಲ್ಪ ಇಟ್ಟು, ಎದುರಿನವರ ಮುಖ ನೋಡಿ, ಮತ್ತೆ ಸ್ವಲ್ಪ ಇಡುವುದು ಸರಿಯಲ್ಲ. ಗೆದ್ದ ಎಲೆ ಕೈಯಲ್ಲಿದ್ದೂ ತೋರಿಸದೆ ಎದುರಿನವರನ್ನು ಆಸೆಯಲ್ಲಿ ಕಾಯಿಸುವ ಸ್ಲೋ ರೋಲ್ ನನಗೆ ಕಿಂಚಿತ್ತೂ ಸೇರದು.

ಜಾಸ್ತಿ ಹಾನಿ ಮಾಡುವುದು ಫೋಲ್ಡ್ ಮಾಡಿದವರ ಬಾಯಿ. ಒಬ್ಬರು ಏಳು-ಎರಡು ಬಿಟ್ಟುಕೊಟ್ಟಿರುತ್ತಾರೆ. ಫ್ಲಾಪ್‌ನಲ್ಲಿ, ಅಂದರೆ ಮಧ್ಯದ ಮೊದಲ ಮೂರು ಎಲೆಯಲ್ಲಿ, ಎರಡು ಏಳು ಬೀಳುತ್ತವೆ. "ಅಯ್ಯೋ!" ಅನ್ನುತ್ತಾರೆ. ಅಷ್ಟರಲ್ಲೇ ಒಂದು ಏಳು ಹೊರಗೆ ಹೋಗಿದೆ ಅಂತ ಇಡೀ ಮೇಜಿಗೆ ಗೊತ್ತಾಯಿತು. ಏಳು ಇದೆ ಅಂತ ಬ್ಲಫ್ ಮಾಡಲು ಹೊರಟವರ ಆಟ ಅಲ್ಲಿಗೆ ಕೆಟ್ಟಿತು. ಕೈ ಮುಗಿಯುವವರೆಗೆ ಬಿಟ್ಟ ಎಲೆಯ ಬಗ್ಗೆ ಮಾತೂ ಬೇಡ, ಮುಖಭಾವವೂ ಬೇಡ. ಪಕ್ಕದವರಿಗೆ ಎಲೆ ತೋರಿಸಿದರೆ ಎಲ್ಲರಿಗೂ ತೋರಿಸಬೇಕು.

ಭಾಷೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಬೆಂಗಳೂರಿನಲ್ಲಿ ಇದು ಬೇಕೇ ಬೇಕು. ನಮ್ಮ ಮೇಜಿನಲ್ಲಿ ಇಬ್ಬರು ಮಂಗಳೂರು ಕಡೆಯವರು. ಅವರು ತುಳುವಿನಲ್ಲಿ ಎರಡು ಮಾತಾಡಿ ನಕ್ಕರೆ ಉಳಿದವರಿಗೆ ಎಲೆಯ ಮಾತೋ ಊಟದ ಮಾತೋ ಗೊತ್ತಾಗುವುದಿಲ್ಲ. ಲಾಸ್ ವೇಗಾಸ್‌ನ ದೊಡ್ಡ ಟೂರ್ನಮೆಂಟ್‌ಗಳಲ್ಲಿ ಕೈ ನಡೆಯುವಾಗ ಮೇಜಿನಲ್ಲಿ ಇಂಗ್ಲಿಷ್ ಮಾತ್ರ ಅನ್ನುವ ನಿಯಮ ಇರುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಕೈ ನಡೆಯುವಾಗ ಕನ್ನಡ ಮಾತ್ರ. ನಿಮ್ಮ ಮೇಜಿನಲ್ಲಿ ಎಲ್ಲರಿಗೂ ಬರುವ ಭಾಷೆ ಯಾವುದೋ ಅದನ್ನು ಇಟ್ಟುಕೊಳ್ಳಿ. ಎರಡು ಕೈಗಳ ನಡುವೆ ತುಳು, ತೆಲುಗು, ತಮಿಳು, ಯಾವುದಾದರೂ ಬರಲಿ, ಮೇಜಿಗೆ ಕಳೆ ಬರುತ್ತದೆ.

ಕಾಂಗ್ರೆಸ್ ಕಡ್ಲೆಕಾಯಿಯನ್ನು ಮೇಜಿನ ಮೇಲೆ ಇಡಬೇಡಿ. ಆ ಖಾರದ ಪುಡಿ ಬೆರಳಿನಿಂದ ಎಲೆಗೆ ಹತ್ತುತ್ತದೆ. ನಮ್ಮ ಇಸ್ಪೀಟ್ ರಾಣಿಯ ಬೆನ್ನಿನ ಮೇಲೆ ಹಳದಿ ಹೆಬ್ಬೆಟ್ಟಿನ ಗುರುತು ಬಿದ್ದು, ಎರಡು ಆಟ ಯಾರ ಕೈಗೆ ರಾಣಿ ಹೋದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಕೊನೆಗೆ ಇಡೀ ಕಟ್ಟು ಬದಲಾಯಿಸಬೇಕಾಯಿತು. ತಿಂಡಿಗೆ ಬೇರೆ ಸ್ಟೂಲ್, ಪಕ್ಕದಲ್ಲೊಂದು ಒದ್ದೆ ಬಟ್ಟೆ.

ಹೆಜ್ಜೆ 6: ಒಬ್ಬರು ಆಲ್ ಇನ್, ಇಬ್ಬರು ಉಳಿದಾಗ

ನಾನು ನೋಡಿದ ಮಟ್ಟಿಗೆ ಹೆಚ್ಚು ಜಗಳ ಆಗುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಒಬ್ಬರು 1,500ಕ್ಕೆ ಆಲ್ ಇನ್ ಆದರು, ಅಂದರೆ ಇದ್ದ ಚಿಪ್ಸ್ ಎಲ್ಲ ಹಾಕಿದರು. ಇನ್ನಿಬ್ಬರು ಕಾಲ್ ಮಾಡಿದರು. ಮಧ್ಯದಲ್ಲಿ 4,500. ಈ ಇಬ್ಬರ ಹತ್ತಿರ ಇನ್ನೂ ಚಿಪ್ಸ್ ಇದೆ. ಮುಂದೆ ಇವರು ಹಾಕುವುದೆಲ್ಲ ಸೈಡ್ ಪಾಟ್‌ಗೆ, ಅಂದರೆ ಇವರಿಬ್ಬರಲ್ಲಿ ಒಬ್ಬರಿಗೆ ಮಾತ್ರ ಸಿಗುವ ಬೇರೆ ರಾಶಿಗೆ, ಹೋಗುತ್ತದೆ. ಈಗ ಇಬ್ಬರೂ ಬೆಟ್ ಮಾಡದೆ ಚೆಕ್ ಮಾಡಿಕೊಂಡು (ಏನೂ ಹಾಕದೆ ಸರದಿ ದಾಟಿಸಿಕೊಂಡು) ಐದೂ ಎಲೆ ನೋಡಿದರೆ, ಆಲ್ ಇನ್ ಆದವರನ್ನು ಸೋಲಿಸಲು ಎರಡು ಕೈ ಇರುತ್ತವೆ. ಅವರು ಔಟ್ ಆಗುವ ಸಾಧ್ಯತೆ ಹೆಚ್ಚು. ಇಬ್ಬರಿಗೂ ಅದರಿಂದ ಲಾಭ.

ಇದು ಸಾಫ್ಟ್ ಪ್ಲೇನಾ? ಅಲ್ಲ, ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸುಮ್ಮನೆ ಚೆಕ್ ಮಾಡಿದ್ದರೆ. ಹೌದು, ಒಬ್ಬರು "ಚೆಕ್ ಮಾಡ್ಕೊಂಡು ಹೋಗೋಣ್ವಾ?" ಅಂತ ಬಾಯಿ ಬಿಟ್ಟಿದ್ದರೆ, ಕಣ್ಣು ಮಿಟುಕಿಸಿದ್ದರೆ. ಮಾತು ಬಂದ ಕೂಡಲೇ ಅದು ಇಬ್ಬರು ಸೇರಿ ಒಬ್ಬರ ವಿರುದ್ಧ ಆಡಿದ ಹಾಗೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಒಮ್ಮೆ ಹೀಗೇ ಇಬ್ಬರು ಉಳಿದಾಗ ಒಬ್ಬಳು ಗೆಳತಿಗೆ ಫ್ಲಾಪ್‌ನಲ್ಲೇ ಮೂರು ಒಂಬತ್ತು ಕೂಡಿತು. ಬೆಟ್ ಮಾಡಿದಳು. ಎದುರಿನವನು ಫೋಲ್ಡ್ ಮಾಡಿ ಮುನಿಸಿಕೊಂಡ: "ಅವನನ್ನ ಔಟ್ ಮಾಡೋದು ಬಿಟ್ಟು ನನ್ನ ಮೇಲೆ ಯಾಕೆ ಬೆಟ್ ಮಾಡಿದೆ?" ಅವಳದು ಪೂರ್ತಿ ಸರಿ. ಒಳ್ಳೆ ಕೈ ಇದ್ದರೆ ಬೆಟ್ ಮಾಡುವ ಹಕ್ಕು ಯಾವಾಗಲೂ ಇದೆ. ಚೆಕ್ ಮಾಡಬೇಕು ಅಂತ ಯಾರೂ ಯಾರಿಂದಲೂ ನಿರೀಕ್ಷೆ ಮಾಡಬಾರದು. ಇದನ್ನು ನಿಯಮದ ಪಟ್ಟಿಗೆ ಸೇರಿಸಿ. ನಾವು ಆ ಜಗಳ ಆದ ರಾತ್ರಿಯೇ ಸೇರಿಸಿದೆವು.

ಹೆಜ್ಜೆ 7: ದಾಕ್ಷಿಣ್ಯ ಕಂಡರೆ ಏನು ಮಾಡುವುದು

ಮೊದಲು ಕಂಡಿದ್ದು ದಾಕ್ಷಿಣ್ಯ ಹೌದಾ ಅಂತ ನೋಡಿ. ಚೆಕ್ ಮಾಡಿದವರೆಲ್ಲ ಬಿಟ್ಟುಕೊಟ್ಟವರಲ್ಲ. ಕೈ ಹಗುರ ಇರಬಹುದು, ಬಲೆ ಹಾಕುತ್ತಿರಬಹುದು, ಹೊಸಬರು ಹೆದರಿರಬಹುದು. ಒಂದು ಸಂದರ್ಭದಲ್ಲಿ ಮಾತ್ರ ಅನುಮಾನಕ್ಕೆ ಜಾಗ ಇಲ್ಲ. ಮಧ್ಯದಲ್ಲಿ ಆಟಿನ್ ಎರಡು, ಆರು, ಒಂಬತ್ತು, ರಾಜ. ಜೊತೆಗೆ ಕ್ಲಾವರ್ ನಾಲ್ಕು. ನಿಮ್ಮ ಕೈಯಲ್ಲಿ ಆಟಿನ್ ಎಕ್ಕ, ಮಧ್ಯದ ನಾಲ್ಕರ ಜೊತೆ ಸೇರಿ ಐದೂ ಆಟಿನ್. ಇದನ್ನು ಮೀರಿಸುವ ಕೈ ಇಲ್ಲವೇ ಇಲ್ಲ. ಕೊನೆಯ ಸರದಿ ನಿಮ್ಮದು. ಬೆಟ್ ಮಾಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಆದರೂ ಹೆಂಡತಿಯ ಎದುರು ಚೆಕ್ ಮಾಡಿದಿರಿ ಅಂದರೆ ಅದಕ್ಕೆ ಆಟದ ಕಾರಣ ಇರುವುದಿಲ್ಲ. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಇದಕ್ಕೇ ದಂಡ ಹಾಕುತ್ತಾರೆ.

ಉಳಿದ ಕಡೆ ಒಂದೇ ಪ್ರಶ್ನೆ, ಅದನ್ನು ಆಡುವವರೇ ಕೇಳಿಕೊಳ್ಳಬೇಕು: ಇವರ ಜಾಗದಲ್ಲಿ ಬೇರೆಯವರು ಕೂತಿದ್ದರೆ ಇದೇ ಎಲೆಗೆ ಇದನ್ನೇ ಮಾಡುತ್ತಿದ್ದೆನಾ?

ತಪ್ಪು ಸ್ಪಷ್ಟ ಇದ್ದಾಗ ಕೈ ಮುಗಿಯಲಿ. ಆಮೇಲೆ ಮನೆಯವರು ಅವರನ್ನು ಅಡುಗೆಮನೆ ಕಡೆ ಕರೆದು, ಬೇರೆಯವರಿಗೆ ಕೇಳದ ಹಾಗೆ ಹೇಳಲಿ: "ಆ ಕೈಯಲ್ಲಿ ಬಿಟ್ಟುಕೊಟ್ಟ ಹಾಗೆ ಕಾಣಿಸಿತು, ಇನ್ನೊಂದು ಸಲ ಬೇಡ." ಎಲ್ಲರ ಮುಂದೆ ಹೇಳಿದರೆ ಮರ್ಯಾದೆಯ ಪ್ರಶ್ನೆ ಆಗುತ್ತದೆ, ಆಟ ಅಲ್ಲೇ ನಿಲ್ಲುತ್ತದೆ. ಎರಡನೇ ಸಲ ಆದರೆ ಇಬ್ಬರೂ ಒಂದು ಸುತ್ತು ಹೊರಗೆ ಕೂರಬೇಕು, ಅವರ ಬ್ಲೈಂಡ್ ಹೋಗುತ್ತಿರಬೇಕು. ಮೂರನೇ ಸಲ ಆದರೆ ಆ ರಾತ್ರಿಯ ಅವರ ಪಾಯಿಂಟ್ಸ್ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಇಲ್ಲಿಯವರೆಗೆ ಎರಡನೇ ಮೆಟ್ಟಿಲಿಗೆ ಹೋಗಿದ್ದು ಒಂದೇ ಸಲ.

ಮನೆಯವರೇ ತಪ್ಪು ಮಾಡಿದರೆ? ನನಗೆ ಆಗಿದ್ದು ಇದೇ. ಹೇಳುವವರು ಯಾರೂ ಇರಲಿಲ್ಲ, ಗೆಳೆಯ ನಾಲ್ಕು ದಿನ ನುಂಗಿಕೊಂಡ. ಈಗ ಪ್ರತಿ ಆಟಕ್ಕೂ ಮನೆಯವರಲ್ಲದ ಒಬ್ಬರನ್ನು ಹಿರಿಯರು ಅಂತ ಮೊದಲೇ ಆರಿಸುತ್ತೇವೆ. ನನ್ನ ತಪ್ಪನ್ನು ಅವರು ಹೇಳುತ್ತಾರೆ. ಮೊದಲ ವರ್ಷ ಆ ಜಾಗಕ್ಕೆ ವಿಜಯನಗರದ ಗೆಳೆಯನನ್ನೇ ಕೇಳಿಕೊಂಡೆ, ಒಪ್ಪಿದ.

ಹೆಜ್ಜೆ 8: ಹೊಸಬರಿಗೆ ಪ್ರೀತಿ ತೋರಿಸುವ ಜಾಗ

ಹೊಸಬರ ಮೇಲೆ ಕರುಣೆ ಇರಲಿ, ಆಟ ಶುರುವಾಗುವ ಮೊದಲು ಇರಲಿ. ಅರ್ಧ ಗಂಟೆ ಮುಂಚೆ ಕರೆಯಿರಿ. ಎಲೆ ಬಿಚ್ಚಿಟ್ಟು ಹತ್ತು ಕೈ ಆಡಿಸಿ. ಯಾವ ಕೈ ಯಾವುದಕ್ಕಿಂತ ದೊಡ್ಡದು ಅಂತ ಒಂದು ಚೀಟಿ ಬರೆದುಕೊಡಿ. ಆಟದ ನಡುವೆ ಆ ಚೀಟಿ ನೋಡಿಕೊಳ್ಳಲಿ, ಆದರೆ ಯಾರೂ ಕಿವಿಯಲ್ಲಿ ಹೇಳಿಕೊಡಬಾರದು. ಒಂದು ಕೈಗೆ ಒಬ್ಬರೇ ಆಟಗಾರರು.

ಬೇಗ ಔಟ್ ಆದವರನ್ನು ಸುಮ್ನೆ ಸೋಫಾದಲ್ಲಿ ಕೂರಿಸಬೇಡಿ. ಮೊದಲು ಔಟ್ ಆದವರು ಎಲೆ ಹಂಚಲಿ, ಎರಡನೆಯವರು ಗಡಿಯಾರ ನೋಡಲಿ. ಕೈಯಲ್ಲಿ ಕೆಲಸ ಇದ್ದರೆ ಸೋತ ಬೇಸರ ಕಮ್ಮಿ. ಇವರನ್ನು ಔಟ್ ಮಾಡಿದರೆ ರಾತ್ರಿಯೆಲ್ಲ ಒಬ್ಬರೇ ಕೂರುತ್ತಾರಲ್ಲ ಅನ್ನುವ ಅಳುಕೂ ಉಳಿದವರಿಗೆ ಇರುವುದಿಲ್ಲ. ಬಹಳಷ್ಟು ದಾಕ್ಷಿಣ್ಯ ಆ ಅಳುಕಿನಿಂದಲೇ ಬರುತ್ತದೆ.

ಆಟ ಮುಗಿದ ಮೇಲೆ ಪಾಯಿಂಟ್ಸ್ ಅನ್ನು ಎಲ್ಲರ ಮುಂದೆಯೇ ಪಟ್ಟಿಗೆ ಬರೆಯಿರಿ, ಮಾರನೇ ದಿನಕ್ಕೆ ಇಡಬೇಡಿ. ಡಬ್ಬಿಗೆ ಹಾಕುವ ಮುಂಚೆ ಎಲೆ ಎಣಿಸಿ. 52 ಬರದಿದ್ದರೆ ದಿವಾನದ ಕೆಳಗೆ ನೋಡಿ.